ಕೆ.ಆರ್. ಮಾರ್ಕೆಟ್ ಹತ್ತಿರ ಎರಡು ವರ್ಷದ ಮೇಲೆ ಅಣ್ಣ ಸಿಕ್ಕಿದ. ಮೊದಲು ಎಲ್ಲಿಗೆ ಕರೆದುಕೊಂಡು ಹೋಗಲಿ?

ಅರಸೀಕೆರೆ ತಮ್ಮ

ಎಲ್ಲರಿಗೂ ನಮಸ್ಕಾರ. ಹೇಗೆ ಶುರು ಮಾಡಬೇಕೋ ಗೊತ್ತಾಗುತ್ತಿಲ್ಲ. ಇದ್ದದ್ದನ್ನು ಇದ್ದ ಹಾಗೇ ಬರೆಯುತ್ತೇನೆ.

ನನ್ನ ಅಣ್ಣನಿಗೆ 46 ವರ್ಷ. ಗಾರೆ ಮೇಸ್ತ್ರಿ. ಒಂದು ಕಾಲದಲ್ಲಿ ಅವನ ಕೈಕೆಳಗೆ ಎಂಟು ಜನ ಕೆಲಸ ಮಾಡುತ್ತಿದ್ದರು. ಲಗ್ಗೆರೆಯಲ್ಲಿ ಬಾಡಿಗೆ ಮನೆ ಇತ್ತು. ಕುಡಿತ ಜಾಸ್ತಿ ಆಯಿತು. ಅತ್ತಿಗೆ ಮಗನನ್ನು ಕರೆದುಕೊಂಡು ತವರಿಗೆ ಹೋದರು. ಬಾಡಿಗೆ ನಿಂತುಹೋಯಿತು, ಓನರ್ ಸಾಮಾನು ತೆಗೆದು ಹೊರಗಿಟ್ಟರು. ಅಲ್ಲಿಂದ ಎರಡು ವರ್ಷ ಪತ್ತೆಯೇ ಇರಲಿಲ್ಲ.

ಹೋದ ಭಾನುವಾರ ಹೂವು ತರಲು ಮಾರ್ಕೆಟ್‌ಗೆ ಹೋಗಿದ್ದೆ. ಫ್ಲೈಓವರ್ ಕೆಳಗೆ ಕೂತಿದ್ದ. ನಾನು ಗುರುತು ಹಿಡಿಯಲಿಲ್ಲ, ಅವನೇ ಕರೆದ. ಟೀ ಕೊಡಿಸಿದೆ. "ಅರ್ಧ ಗ್ಲಾಸ್ ಹಾಕಿಸು, ತುಂಬಾ ಹಾಕಿದರೆ ಚೆಲ್ಲುತ್ತೆ" ಅಂದ. ಎರಡೂ ಕೈಯಲ್ಲಿ ಹಿಡಿದುಕೊಂಡ, ಆದರೂ ಚೆಲ್ಲಿತು. ಇದೇ ಕೈ ರಸಮಟ್ಟ ಇಡದೆ ಗೋಡೆ ಎತ್ತುತ್ತಿತ್ತು.

2019ರಲ್ಲಿ ಒಂದು ಪ್ರೈವೇಟ್ ಸೆಂಟರ್‌ಗೆ ಸೇರಿಸಿದ್ದೆವು. ಮೂರು ತಿಂಗಳು ಇದ್ದ, ಬಂದ ಐದನೇ ದಿನ ಕುಡಿದ. ನನ್ನದು ಒಂದೇ ರೂಮಿನ ಮನೆ, ಇಬ್ಬರು ಹೆಣ್ಣುಮಕ್ಕಳು. ಮನೆಗೇ ಕರೆದುಕೊಂಡು ಬರಲಾ, ಆಸ್ಪತ್ರೆಗಾ, ಇಲ್ಲಾ ಇನ್ಯಾವುದಾದರೂ ಸೆಂಟರ್‌ಗಾ? ತಿಳಿದವರು ಹೇಳಿ.

ಮಲ್ನಾಡ್ ಮಳೆ

ಮೊದಲು ಮನೆಗೆ ಕರೆದುಕೊಂಡು ಹೋಗಿ ಸ್ನಾನ ಮಾಡಿಸಿ, ಊಟ ಹಾಕಿ. ಒಡಹುಟ್ಟಿದ ಅಣ್ಣ ಅಲ್ವಾ. ಮಿಕ್ಕಿದ್ದು ಆಮೇಲೆ.

ವಾರ್ಡ್ ಸಿಸ್ಟರ್

@ಮಲ್ನಾಡ್ ಮಳೆ, ನಿಮ್ಮ ಮನಸ್ಸು ಅರ್ಥ ಆಗುತ್ತೆ. ಆದರೆ ಇಲ್ಲಿ ಹಾಗೆ ಮಾಡಬೇಡಿ. ಹದಿನಾರು ವರ್ಷದಿಂದ ನರ್ಸ್ ಆಗಿದ್ದೇನೆ, ನೋಡಿದ್ದನ್ನು ಹೇಳುತ್ತೇನೆ.

ಕೈ ಅಷ್ಟು ನಡುಗುತ್ತಿದೆ ಅಂದರೆ ಮೈ ಕುಡಿತಕ್ಕೆ ಒಗ್ಗಿಹೋಗಿದೆ. ಮನೆಗೆ ಕರೆದುಕೊಂಡು ಹೋಗಿ, ಬಾಗಿಲು ಹಾಕಿ, ಒಂದೇ ಸಲ ನಿಲ್ಲಿಸಿದರೆ ಮೊದಲ ಎರಡು ದಿನದಲ್ಲೇ ಫಿಟ್ಸ್ ಬರಬಹುದು. ಎರಡನೇ ದಿನದಿಂದ ನಾಲ್ಕನೇ ದಿನದೊಳಗೆ ಕೆಲವರಿಗೆ ಪೂರ್ತಿ ಗೊಂದಲ. ಗೋಡೆ ಮೇಲೆ ಹುಳ ಹರಿಯುತ್ತಿದೆ ಅನ್ನುತ್ತಾರೆ, ಯಾರೋ ಹೊಡೆಯಲು ಬಂದರು ಅಂತ ಓಡುತ್ತಾರೆ. ಅದಕ್ಕೆ ಡೆಲಿರಿಯಂ ಟ್ರೆಮೆನ್ಸ್ ಅಂತ ಹೆಸರು. ಅದರಲ್ಲಿ ಜೀವ ಹೋಗುವುದೂ ಉಂಟು. ಹೆದರಿಸಲು ಹೇಳುತ್ತಿಲ್ಲ.

ಆಸ್ಪತ್ರೆಯಲ್ಲಿ ಇದಕ್ಕೆ ಒಳ್ಳೆ ಔಷಧಿ ಇದೆ. ಐದಾರು ದಿನ ಡೋಸ್ ಇಳಿಸುತ್ತಾ ಕೊಡುತ್ತಾರೆ. ಇನ್ನೊಂದು ಮುಖ್ಯ ವಿಷಯ: ರಸ್ತೆಯಲ್ಲಿ ಇದ್ದವರು ಸರಿಯಾಗಿ ಊಟ ಮಾಡಿರುವುದಿಲ್ಲ, ಮೈಯಲ್ಲಿ ಬಿ1 ವಿಟಮಿನ್ ಇರುವುದಿಲ್ಲ. ನಮ್ಮ ಕಡೆ ಸುಸ್ತು ಅಂದ ಕೂಡಲೇ ಪಕ್ಕದ ಕ್ಲಿನಿಕ್‌ಗೆ ಹೋಗಿ ಗ್ಲೂಕೋಸ್ ಹಾಕಿಸುತ್ತಾರೆ. ಇಂಥವರಿಗೆ ಗ್ಲೂಕೋಸ್‌ಗಿಂತ ಮೊದಲು ಥಯಾಮಿನ್, ಅಂದರೆ ಅದೇ ಬಿ1, ಇಂಜೆಕ್ಷನ್ ಹೋಗಬೇಕು. ಇಲ್ಲದಿದ್ದರೆ ಮೆದುಳಿಗೆ ಪೆಟ್ಟು. "ದಿನಾ ಕುಡಿಯುತ್ತಾರೆ, ಇಷ್ಟು ಕುಡಿಯುತ್ತಾರೆ, ಕೊನೇ ಸಲ ಕುಡಿದದ್ದು ಇಷ್ಟು ಹೊತ್ತಿಗೆ" ಅಂತ ಡಾಕ್ಟರಿಗೆ ಮುಚ್ಚುಮರೆ ಇಲ್ಲದೆ ಹೇಳಿ.

ಬೆಂಗಳೂರಿನಲ್ಲೇ ಇದ್ದೀರಿ. ನಿಮ್ಹಾನ್ಸ್‌ನಲ್ಲಿ ವ್ಯಸನಕ್ಕೇ ಬೇರೆ ವಿಭಾಗ ಇದೆ. ಆಸ್ಪತ್ರೆ ಮುಟ್ಟುವ ತನಕ ನೀವಾಗಿ ಕುಡಿತ ನಿಲ್ಲಿಸಲು ಹೋಗಬೇಡಿ.

ಗಟ್ಟಿಮಾತು

ಇಷ್ಟೆಲ್ಲ ಬೇಕಾ? ಮನಸ್ಸು ಗಟ್ಟಿ ಇದ್ದರೆ ಬಿಡಬಹುದು. ನಮ್ಮ ಮಾವ ಇಪ್ಪತ್ತು ವರ್ಷ ಕುಡಿದವರು, ಮಾಲೆ ಹಾಕಿ ಶಬರಿಮಲೆಗೆ ಹೋದರು, ಅಲ್ಲಿಗೆ ಮುಗಿಯಿತು. ಇವತ್ತಿಗೂ ಮುಟ್ಟಿಲ್ಲ.

ವಾರ್ಡ್ ಸಿಸ್ಟರ್

ನಿಮ್ಮ ಮಾವ ಬಿಟ್ಟದ್ದು ನಿಜಕ್ಕೂ ಸಂತೋಷ. ಆದರೆ ಮಾಲೆ ಹಾಕಿದ ಮೂರನೇ ದಿನ ಫಿಟ್ಸ್ ಬಂದು ನಮ್ಮ ವಾರ್ಡಿಗೆ ಬಂದವರೂ ಇದ್ದಾರೆ, ಕಪ್ಪು ಬಟ್ಟೆಯಲ್ಲೇ. ಮನಸ್ಸು ಗಟ್ಟಿ ಇರಲಿಲ್ಲ ಅಂತಲ್ಲ, ಮೈ ಕೇಳಲಿಲ್ಲ. 2019ರಲ್ಲಿ ಕೇಂದ್ರ ಸರ್ಕಾರಕ್ಕೆ ಏಮ್ಸ್‌ನವರು ಮಾಡಿಕೊಟ್ಟ ಸಮೀಕ್ಷೆ ಪ್ರಕಾರ ಕುಡಿತದಿಂದ ತೊಂದರೆಯಲ್ಲಿರುವವರು ದೇಶದಲ್ಲಿ 5.7 ಕೋಟಿ ಜನ. ಕುಡಿತಕ್ಕೆ ಅಂಟಿಕೊಂಡವರಲ್ಲಿ 38 ಜನಕ್ಕೆ ಒಬ್ಬರಿಗೆ ಮಾತ್ರ ಏನಾದರೂ ಚಿಕಿತ್ಸೆ ಸಿಕ್ಕಿದೆ. ಮಿಕ್ಕ 37 ಜನಕ್ಕೂ ಮನಸ್ಸು ಗಟ್ಟಿ ಇಲ್ಲ ಅನ್ನೋಣವಾ?

ಗಟ್ಟಿಮಾತು

ಸರಿ ಸಿಸ್ಟರ್, ಆ ಫಿಟ್ಸ್ ವಿಷಯ ನನಗೆ ಗೊತ್ತಿರಲಿಲ್ಲ.

ಪ್ಲಾಟ್‌ಫಾರಂ 11

ತಮ್ಮ, ನಾನು ಮೂರು ವರ್ಷ ಮೆಜೆಸ್ಟಿಕ್ ಸುತ್ತಮುತ್ತ ಮಲಗಿದವನು. ಈಗ ನಾಲ್ಕು ವರ್ಷ ಏಳು ತಿಂಗಳಿಂದ ಕುಡಿದಿಲ್ಲ. ನೀವು ಕೇಳಿದ ಪ್ರಶ್ನೆ "ಮೊದಲು ಎಲ್ಲಿಗೆ" ಅಂತ. ಅದಕ್ಕೆ ಸಿಸ್ಟರ್ ಉತ್ತರ ಕೊಟ್ಟಿದ್ದಾರೆ. ನಾನು ಕೇಳುವುದು ಬೇರೆ. ಆಸ್ಪತ್ರೆಯಿಂದ ಡಿಸ್ಚಾರ್ಜ್ ಆದ ದಿನ ರಾತ್ರಿ ನಿಮ್ಮ ಅಣ್ಣ ಎಲ್ಲಿ ಮಲಗುತ್ತಾರೆ?

ನಾನು ಮೂರು ಸಲ ಆಸ್ಪತ್ರೆ ಸೇರಿದ್ದೆ. ಮೂರು ಸಲವೂ ಚೆನ್ನಾಗಿಯೇ ನೋಡಿಕೊಂಡರು. ಕೈ ನಡುಕ ನಿಂತಿತು, ಊಟ ಸೇರಿತು, ಮುಖಕ್ಕೆ ಕಳೆ ಬಂತು. ಡಿಸ್ಚಾರ್ಜ್ ಮಾಡಿ ಚೀಟಿ, ಹದಿನೈದು ದಿನದ ಮಾತ್ರೆ ಕೊಟ್ಟು ಕಳಿಸಿದರು. ಬಸ್ಸು ಹತ್ತಿ ಎಲ್ಲಿಗೆ ಹೋಗಲಿ? ನನಗೆ ಗೊತ್ತಿದ್ದ ಜಾಗ ಮೆಜೆಸ್ಟಿಕ್ ಒಂದೇ. ಅಲ್ಲಿ ಗೊತ್ತಿದ್ದವರೆಲ್ಲ ಕುಡಿಯುವವರೇ. ಅವರು ಕೆಟ್ಟವರಲ್ಲ. ಜ್ವರ ಬಂದಾಗ ನನಗೆ ಬನ್ನು ತಂದು ತಿನ್ನಿಸಿದವರು. ರಾತ್ರಿ ಚಳಿ, ಸೊಳ್ಳೆ, ಪೊಲೀಸರ ಲಾಠಿ ಸದ್ದು. ಚಪ್ಪಲಿ ಕಳುವಾಗದ ಹಾಗೆ ತಲೆಕೆಳಗೆ ಇಟ್ಟುಕೊಂಡು ಮಲಗಬೇಕು. ಒಂದು ಸಲ ಚಪ್ಪಲಿ ಉಳಿಯಿತು, ಮಾತ್ರೆ ಇದ್ದ ಕವರ್ ಹೋಯಿತು. ಕುಡಿಯದೆ ಅಲ್ಲಿ ಕಣ್ಣು ಮುಚ್ಚುವುದು ನನ್ನಿಂದ ಆಗಲಿಲ್ಲ. ಒಂದು ಸಲ ಎರಡು ದಿನ ತಡೆದೆ, ಒಂದು ಸಲ ಆರು ದಿನ.

ಹೊಟ್ಟೆಪಾಡಿಗೆ ಚೌಲ್ಟ್ರಿಗಳಲ್ಲಿ ಬಡಿಸುವ ಕೆಲಸ. ಪಾತ್ರೆ ತೊಳೆದು ಮುಗಿಯುವಷ್ಟರಲ್ಲಿ ಬೆಳಗಿನ ಜಾವ. ಸೂಪರ್‌ವೈಸರ್ ದುಡ್ಡು ಅರ್ಧ ಕೊಡುತ್ತಿದ್ದ, ಅರ್ಧಕ್ಕೆ ಎಣ್ಣೆ.

ನಾಲ್ಕನೇ ಸಲ ಆಸ್ಪತ್ರೆಯಲ್ಲಿದ್ದ ಸಮಾಜ ಕಾರ್ಯಕರ್ತೆ ಒಬ್ಬರು ಡಿಸ್ಚಾರ್ಜ್‌ಗೆ ಮೂರು ದಿನ ಮುಂಚೆಯೇ ಫೋನ್ ಮಾಡಿ, ಮನೆ ಇಲ್ಲದವರು ರಾತ್ರಿ ಮಲಗುವ ತಂಗುದಾಣ ಒಂದರಲ್ಲಿ ಜಾಗ ಮಾತಾಡಿದರು. ಆಟೋದಲ್ಲಿ ಅವರೇ ಬಂದು ಬಿಟ್ಟುಹೋದರು. ಒಂದು ಮಂಚ, ಒಂದು ಕಂಬಳಿ, ಗೋಡೆಗೆ ಒಂದು ಕಬ್ಬಿಣದ ಪೆಟ್ಟಿಗೆ. ಅದಕ್ಕೆ ಬೀಗ. ಬೀಗದ ಕೈ ನನ್ನ ಕೈಗೆ ಕೊಟ್ಟರು. ಮೂರು ವರ್ಷದಲ್ಲಿ ನನ್ನದು ಅಂತ ಬೀಗ ಹಾಕುವ ವಸ್ತು ಒಂದೂ ಇರಲಿಲ್ಲ. ಅದನ್ನು ಉಡಿದಾರಕ್ಕೆ ಕಟ್ಟಿಕೊಂಡೆ. ಮಾತ್ರೆ ಪೆಟ್ಟಿಗೆಯಲ್ಲಿ ಇಟ್ಟೆ. ಬೆಳಗ್ಗೆ ಎದ್ದಾಗ ಮಾತ್ರೆ ಅಲ್ಲೇ ಇತ್ತು.

ಅಲ್ಲಿಂದ ಸಂಜೆ ಎ.ಎ. (ಆಲ್ಕೊಹಾಲಿಕ್ಸ್ ಅನಾನಿಮಸ್) ಮೀಟಿಂಗ್, ಕುಡಿತ ಬಿಡುವವರು ಸೇರಿ ಒಬ್ಬರಿಗೊಬ್ಬರು ನೆರವಾಗುವ ಗುಂಪು. ಮೊದಲ ಮೂರು ತಿಂಗಳು ಒಂದು ದಿನವೂ ತಪ್ಪಿಸಲಿಲ್ಲ. ಈಗ ಒಂದು ಹಾಸ್ಟೆಲ್‌ನಲ್ಲಿ ಅಡುಗೆ ಸಹಾಯಕ. ಅಲ್ಲೇ ರೂಮು.

ಹುಬ್ಬಳ್ಳಿ ಹುಡುಗಿ

ಓದಿ ಸುಮ್ನೆ ಕೂತುಬಿಟ್ಟೆ ಅಣ್ಣಾರೆ. ನಾಲ್ಕು ವರ್ಷ ಏಳು ತಿಂಗಳು! ದೇವರು ನಿಮ್ಮನ್ನು ಹೀಗೇ ಇಟ್ಟಿರಲಿ.

ನೇರನುಡಿ

ಎಲ್ಲರೂ ಮೆತ್ತಗೆ ಮಾತಾಡುತ್ತಿದ್ದೀರಿ. ಕುಡುಕರು ತಾವಾಗಿ ಬರುವುದಿಲ್ಲ. ನಾಲ್ಕು ಜನ ಹೋಗಿ ಹಿಡಿದು ಗಾಡಿಗೆ ಹತ್ತಿಸಿ, ಆರು ತಿಂಗಳು ಒಳಗೆ ಇಡಿಸಿ. ಮನೆಗೇ ಬಂದು ಎತ್ತಿಕೊಂಡು ಹೋಗುವ ಸೆಂಟರ್‌ಗಳಿವೆ.

ಅರಸೀಕೆರೆ ತಮ್ಮ

ಸರ್, 2019ರಲ್ಲಿ ನಾವು ಮಾಡಿದ್ದು ಅದನ್ನೇ. ಆ ಸೆಂಟರ್ ಹೆಸರು ಬೇಡ. ಅವರು ಕಾಲಿಗೆ ಸರಪಳಿ ಹಾಕಿದ್ದರಂತೆ. ಮೊನ್ನೆ ಟೀ ಅಂಗಡಿಯಲ್ಲಿ ಪಂಚೆ ಸರಿಸಿ ತೋರಿಸಿದ, ಗುರುತು ಇನ್ನೂ ಇದೆ. "ಸೆಂಟರ್" ಅನ್ನುವ ಮಾತು ಕೇಳಿದ್ದೇ ತಡ, ಎದ್ದು ಹೊರಟುಹೋದ. ನನಗೆ ಆವತ್ತಿಂದ ನಿದ್ದೆ ಸರಿಯಾಗಿ ಬರುತ್ತಿಲ್ಲ. ದುಡ್ಡು ಕಟ್ಟಿದವನು ನಾನೇ ಅಲ್ವಾ.

ಕಾನೂನು ಓದುವವಳು

@ನೇರನುಡಿ, ಅದು ತಪ್ಪು ಮಾತ್ರ ಅಲ್ಲ, ಕಾನೂನಿಗೇ ವಿರುದ್ಧ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಕುಡಿತ, ಡ್ರಗ್ಸ್‌ನಿಂದ ಆಗುವ ಮಾನಸಿಕ ತೊಂದರೆಗಳೂ ಸೇರುತ್ತವೆ. ಸರಪಳಿ ಹಾಕುವುದನ್ನು ಆ ಕಾಯ್ದೆ ಪೂರ್ತಿ ನಿಷೇಧಿಸಿದೆ. ರೋಗಿಗೆ ತಾನೇ ನಿರ್ಧಾರ ಮಾಡುವ ಸ್ಥಿತಿ ಇಲ್ಲದಿದ್ದರೆ, ಜೀವಕ್ಕೆ ಅಪಾಯ ಇದ್ದರೆ, ಹತ್ತಿರದವರು ಅರ್ಜಿ ಕೊಟ್ಟು ಸೇರಿಸುವ ದಾರಿ ಇದೆ. ಅದಕ್ಕೂ ವೈದ್ಯರು ನೋಡಿ ಒಪ್ಪಬೇಕು, ಮೊದಲ ಹಂತದಲ್ಲಿ 30 ದಿನಕ್ಕಿಂತ ಜಾಸ್ತಿ ಇಡುವ ಹಾಗಿಲ್ಲ. ಗಾಡಿ ತಂದು ಎತ್ತಿಹಾಕಿಕೊಂಡು ಹೋಗಲು ಯಾರಿಗೂ ಅಧಿಕಾರ ಇಲ್ಲ. ಸೇರಿಸುವ ಮುಂಚೆ ನೋಂದಣಿ ಪತ್ರ ಕೇಳಿ, ವೈದ್ಯರು ಯಾರು ಅಂತ ಕೇಳಿ, ಮನೆಯವರು ಬಂದು ನೋಡಬಹುದಾ ಅಂತ ಕೇಳಿ. ಮೂರರಲ್ಲಿ ಒಂದಕ್ಕೆ ತಡವರಿಸಿದರೂ ವಾಪಸ್ ಬನ್ನಿ.

ಬೆಳ್ತಂಗಡಿ ಭಟ್ರು

ಧರ್ಮಸ್ಥಳದ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರದ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ಊರೂರಲ್ಲಿ ನಡೆಯುತ್ತದೆ, ಎಂಟು ದಿನ. ನಾನು ಸ್ವಯಂಸೇವಕನಾಗಿ ಹೋಗಿದ್ದೇನೆ. ಕೊನೆಗೆ ಮನೆಯವರೂ ಬಂದು ಎದುರಿಗೆ ಕೂರುತ್ತಾರೆ. ಎಷ್ಟೋ ವರ್ಷ ಮುಖ ಕೊಟ್ಟು ಮಾತಾಡದ ಗಂಡ ಹೆಂಡತಿ ಅತ್ತುಬಿಡುತ್ತಾರೆ.

ಪ್ಲಾಟ್‌ಫಾರಂ 11

ಭಟ್ರೇ, ಶಿಬಿರದಿಂದ ಬಿಟ್ಟವರು ನಮ್ಮ ಮೀಟಿಂಗ್‌ನಲ್ಲೂ ಇದ್ದಾರೆ, ಗೌರವ ಇದೆ. ಆದರೆ ಆ ಎಂಟು ದಿನದ ಬಲ ಇರುವುದು ಮನೆಯವರಲ್ಲಿ, ಊರಿನವರಲ್ಲಿ. ಒಂಬತ್ತನೇ ದಿನ ಹೋಗಲು ಮನೆ ಇಲ್ಲದವನ ಗತಿ?

ಬೆಳ್ತಂಗಡಿ ಭಟ್ರು

ನೀವು ಹೇಳುವುದು ಸರಿ. ಫಿಟ್ಸ್ ಬರುವ ಸಂಭವ ಇರುವವರನ್ನು ನಾವೂ ಮೊದಲು ಆಸ್ಪತ್ರೆಗೆ ಹೋಗಿ ಬನ್ನಿ ಅನ್ನುತ್ತೇವೆ. ನಾನು ಹೇಳಬೇಕೆಂದಿದ್ದು ಶಿಬಿರ ಆದ ಮೇಲಿನದ್ದು. ಬಿಟ್ಟವರೆಲ್ಲ ಸೇರಿ ನವಜೀವನ ಸಮಿತಿ ಅಂತ ಮಾಡಿಕೊಂಡು ಆಗಾಗ ಸೇರುತ್ತಾರೆ. ಒಬ್ಬ ಬರಲಿಲ್ಲ ಅಂದರೆ ಸಂಜೆ ಇಬ್ಬರು ಅವನ ಮನೆ ಬಾಗಿಲಲ್ಲಿ ಇರುತ್ತಾರೆ. ಬೆಂಗಳೂರಲ್ಲಿ ಹಾಗೆ ಹುಡುಕಿಕೊಂಡು ಬರುವವರು ಬೇಕು.

ರಾಯಚೂರು ಅಕ್ಕ

ಶಿಬಿರ, ಆಸ್ಪತ್ರೆ ಎಲ್ಲಾ ಸರಿ. ಮೂಲ ಎಲ್ಲಿದೆ ಅಂತ ಯಾರಾದರೂ ಮಾತಾಡಿ. 2007ರ ಜುಲೈ 1ರಿಂದ ಸಾರಾಯಿ ನಿಂತಿತು ಅಂದರು. ಆಮೇಲೆ 90 ಎಂ.ಎಲ್. ಪ್ಯಾಕೆಟ್ ಬಂತು. ಕಿರಾಣಿ ಅಂಗಡಿಯಲ್ಲಿ, ಬೀಡಾ ಅಂಗಡಿಯಲ್ಲಿ ಕದ್ದು ಮಾರುತ್ತಾರೆ. 2019ರ ಜನವರಿಯಲ್ಲಿ ಹೆಣ್ಣುಮಕ್ಕಳು ಚಿತ್ರದುರ್ಗದಿಂದ ಬೆಂಗಳೂರಿನ ತನಕ ನಡೆದು ಬಂದರು, ಮದ್ಯ ನಿಷೇಧ ಮಾಡಿ ಅಂತ. ನಮ್ಮ ಓಣಿಯಿಂದಲೂ ಹೋಗಿದ್ದರು, ಕಾಲಲ್ಲಿ ಬೊಬ್ಬೆ ಎದ್ದು ಬಂದರು. ಅಂಗಡಿ ಮಾತ್ರ ಹಾಗೇ ಇದೆ.

ಗಟ್ಟಿಮಾತು

ಅಕ್ಕ, ನಿಷೇಧ ಮಾಡಿದರೆ ಕಳ್ಳಭಟ್ಟಿ ಬರುತ್ತೆ. ಅದರಿಂದ ಸತ್ತವರ ಸುದ್ದಿ ಬೇರೆ ರಾಜ್ಯಗಳಿಂದ ಬರುತ್ತಲೇ ಇರುತ್ತೆ ಅಲ್ವಾ.

ರಾಯಚೂರು ಅಕ್ಕ

ಈಗ ಸಾಯುವವರ ಲೆಕ್ಕ ಯಾರು ಇಡುತ್ತಾರೆ ತಮ್ಮಾ?

ತಂಗುದಾಣ ಕೆಲಸಗಾರ

ಆ ವಾದ ದೊಡ್ಡದು, ಅದನ್ನು ಬೇರೆಯೇ ಮಾಡೋಣ. ಈ ಅಣ್ಣನ ವಿಷಯಕ್ಕೆ ಬರುತ್ತೇನೆ. ನಾನು ವಸತಿರಹಿತರ ಆಶ್ರಯ ಕೇಂದ್ರ ಒಂದರಲ್ಲಿ ಕೆಲಸ ಮಾಡುತ್ತೇನೆ. ಊರು ಬೇಡ.

ಒಂದು ಲಕ್ಷ ಜನಸಂಖ್ಯೆಗೆ 100 ಜನ ಮಲಗುವಷ್ಟು ಒಂದು ಕೇಂದ್ರ ಇರಬೇಕು, ವರ್ಷಪೂರ್ತಿ ತೆರೆದಿರಬೇಕು. 2010ರಿಂದ ಸುಪ್ರೀಂ ಕೋರ್ಟ್ ಹೇಳುತ್ತಾ ಬಂದದ್ದು ಇದನ್ನೇ. 2013ರಲ್ಲಿ ಬಂದ ನಗರ ಜೀವನೋಪಾಯ ಅಭಿಯಾನದಲ್ಲೂ ಇದೇ ಲೆಕ್ಕ. ಬೆಂಗಳೂರಿನ ಜನಸಂಖ್ಯೆ 2011ರ ಗಣತಿಯಲ್ಲೇ 84 ಲಕ್ಷ ದಾಟಿತ್ತು. ಅಂದರೆ 84 ಕೇಂದ್ರ ಬೇಕಿತ್ತು. ಅಷ್ಟಿಲ್ಲ.

ಇನ್ನೊಂದು ಕಹಿ ಸತ್ಯ. ಕುಡಿದು ಬಂದವರನ್ನು ಬಾಗಿಲಲ್ಲೇ ವಾಪಸ್ ಕಳಿಸುವ ಕೇಂದ್ರಗಳೇ ಜಾಸ್ತಿ. ನಾನೂ ಕಳಿಸಿದ್ದೇನೆ. ಒಳಗೆ ಐವತ್ತು ಜನ ಮಲಗಿರುತ್ತಾರೆ, ರಾತ್ರಿ ಪಾಳಿಗೆ ನಾನೊಬ್ಬನೇ. ಆದರೆ ಆಸ್ಪತ್ರೆಯಿಂದ ಚೀಟಿ ಹಿಡಿದು, ಬಿಟ್ಟು ಬಂದವರಿಗೆ ಜಾಗ ಕೊಡಲು ನಮಗೂ ಧೈರ್ಯ. ಅದಕ್ಕೇ ಹೇಳುವುದು: ಅಣ್ಣ ವಾರ್ಡಿನಲ್ಲಿ ಇರುವಾಗಲೇ ನೀವು ಎರಡು ಮೂರು ಕೇಂದ್ರ ನೋಡಿ ಬನ್ನಿ. ಹಗಲಲ್ಲ, ರಾತ್ರಿ ಎಂಟರ ಮೇಲೆ ಹೋಗಿ. ಶೌಚಾಲಯ ಹೇಗಿದೆ, ಸುತ್ತ ವೈನ್ ಸ್ಟೋರ್ ಎಷ್ಟು ದೂರ, ಹಗಲು ಹೊತ್ತಿನಲ್ಲೂ ಇರಲು ಬಿಡುತ್ತಾರಾ ಅಂತ ನೋಡಿ. ಬೆಳಗ್ಗೆ ಹೊರಗೆ ಕಳಿಸುವ ಕಡೆ ಆದರೆ ಕೆಲಸ ಇಲ್ಲದವನು ಸಂಜೆ ತನಕ ಎಲ್ಲಿ ಸುತ್ತಬೇಕು?

ಮಲ್ನಾಡ್ ಮಳೆ

ಆಧಾರ್ ಇಲ್ಲದಿದ್ದರೆ ಸೇರಿಸಿಕೊಳ್ಳುತ್ತಾರಾ? ಎರಡು ವರ್ಷ ರಸ್ತೆಯಲ್ಲಿದ್ದವರ ಹತ್ತಿರ ಕಾಗದ ಎಲ್ಲಿರುತ್ತೆ?

ತಂಗುದಾಣ ಕೆಲಸಗಾರ

ನಾವು ಹೆಸರು ಬರೆದುಕೊಂಡು ಸೇರಿಸಿಕೊಳ್ಳುತ್ತೇವೆ. ಹಿಂದೆ ಆಧಾರ್ ಮಾಡಿಸಿದ್ದರೆ ಸೇವಾ ಕೇಂದ್ರದಲ್ಲಿ ಬೆರಳಚ್ಚು ಕೊಟ್ಟು ಹುಡುಕಿಸಬಹುದು. ಗಾರೆ ಕೆಲಸದವರ ಬೆರಳು ಸವೆದಿರುತ್ತೆ, ಮೆಷಿನ್ ಒಪ್ಪುವುದಿಲ್ಲ, ಆಗ ಕಣ್ಣು ಸ್ಕ್ಯಾನ್ ಮಾಡಿ ಅಂತ ಕೇಳಿ. ಊಟಕ್ಕೆ ಹತ್ತಿರ ಇಂದಿರಾ ಕ್ಯಾಂಟೀನ್ ಇದ್ದರೆ ದೊಡ್ಡ ಅನುಕೂಲ. 2017ರಲ್ಲಿ ಶುರುವಾದಾಗಿನಿಂದ ನಮ್ಮ ಕೇಂದ್ರದ ಎಷ್ಟೋ ಜನಕ್ಕೆ ಅದೇ ಅಡುಗೆಮನೆ.

ದಾವಣಗೆರೆ ಬೆಣ್ಣೆ

ಆ ಕ್ಯಾಂಟೀನ್ ರೈಸ್‌ಬಾತ್ ನನಗೂ ಓದುವಾಗ ಹೊಟ್ಟೆ ತುಂಬಿಸಿದೆ. ಐದು ರೂಪಾಯಿಗೆ ತಿಂಡಿ, ಹತ್ತಕ್ಕೆ ಊಟ.

ಹೆಲ್ಸಿಂಕಿ ಹೆಗಡೆ

ನಾನಿರುವ ಫಿನ್ಲೆಂಡ್‌ನಲ್ಲಿ 2008ರಿಂದ "ಮೊದಲು ಮನೆ" ಅನ್ನುವ ನೀತಿ ಇದೆ. ಕುಡಿತ ಬಿಟ್ಟರೆ ಮನೆ ಅಂತ ಷರತ್ತು ಹಾಕುವುದಿಲ್ಲ. ಮೊದಲು ಬಾಡಿಗೆ ಕರಾರು, ಬೀಗದ ಕೈ. ಚಿಕಿತ್ಸೆ, ಕೆಲಸ, ಸಾಲದ ಲೆಕ್ಕ ಎಲ್ಲ ಆಮೇಲೆ. ಹಳೇ ತಂಗುದಾಣಗಳನ್ನೇ ಒಬ್ಬೊಬ್ಬರಿಗೆ ಒಂದೊಂದು ಮನೆ ಆಗುವ ಹಾಗೆ ಬದಲಾಯಿಸಿದರು. ಪ್ಲಾಟ್‌ಫಾರಂ ಅಣ್ಣ ಹೇಳಿದ ಬೀಗದ ಕೈ ಮಾತು ಓದಿದಾಗ ಇಲ್ಲಿನವರು ಹೇಳುವುದೇ ನೆನಪಾಯಿತು.

ನೇರನುಡಿ

ಅಲ್ಲಿ ಸರಿ. ಇಲ್ಲಿ ದುಡಿಯುವವನಿಗೇ ಮನೆ ಸಿಗುವುದಿಲ್ಲ, ಕುಡುಕನಿಗೆ ಯಾರು ಕೊಡುತ್ತಾರೆ?

ಪ್ಲಾಟ್‌ಫಾರಂ 11

ನೇರನುಡಿ ಅವರೇ, ನಾನೂ ಆ ಕುಡುಕನೇ ಆಗಿದ್ದೆ. ಈಗ ದಿನಾ ಬೆಳಗ್ಗೆ ನಾಲ್ಕೂವರೆಗೆ ಎದ್ದು 120 ಮಕ್ಕಳಿಗೆ ತಿಂಡಿ ಮಾಡುತ್ತೇನೆ.

ನೇರನುಡಿ

ತಪ್ಪಾಯಿತು ಅಣ್ಣ. ನಮ್ಮ ಅಪ್ಪ ಕುಡಿದೇ ಹೋದರು. ಆ ಸಿಟ್ಟು ಇನ್ನೂ ಇಳಿದಿಲ್ಲ.

ಸುಮ ಅಮ್ಮ

ಮಗ ನೇರನುಡಿ, ಆ ಸಿಟ್ಟು ನನಗೂ ಗೊತ್ತು. ನಮ್ಮ ಯಜಮಾನರು ಅಕ್ಕಿ ಡಬ್ಬದಲ್ಲಿ ಪ್ಯಾಕೆಟ್ ಬಚ್ಚಿಡುತ್ತಿದ್ದರು. ಒಂದು ಸಲ ಒಡೆದು, ಅನ್ನಕ್ಕೆಲ್ಲ ವಾಸನೆ. ಮಕ್ಕಳು ತಿನ್ನದೆ ಎದ್ದುಹೋದರು. ಆವತ್ತು ನಾನು ಮಾಡಿದ್ದು ಇನ್ನೂ ದೊಡ್ಡ ತಪ್ಪು. "ಗೊತ್ತಾಗದ ಹಾಗೆ ಕೊಟ್ಟು ಕುಡಿತ ಬಿಡಿಸಿ" ಅಂತ ಜಾಹೀರಾತು ನೋಡಿ ಮಾತ್ರೆ ತರಿಸಿ ಸಾಂಬಾರಿಗೆ ಹಾಕಿದೆ. ರಾತ್ರಿ ಕುಡಿದು ಬಂದವರಿಗೆ ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ವಾಂತಿ. ಆಸ್ಪತ್ರೆಗೆ ಓಡಿದೆವು. ಡೈಸಲ್ಫಿರಾಂ ಅನ್ನುವ ಮಾತ್ರೆ ಇರಬೇಕು ಅಂದರು ಡಾಕ್ಟರು. ಅದನ್ನು ತೆಗೆದುಕೊಂಡು ಕುಡಿದರೆ ಹಾಗೇ ಆಗುವುದು. ರೋಗಿಗೆ ತಿಳಿಸಿ, ಒಪ್ಪಿಸಿ, ತಪಾಸಣೆ ಮಾಡಿಯೇ ಕೊಡಬೇಕು. ಯಾರೂ ನನ್ನ ಹಾಗೆ ಮಾಡಬೇಡಿ.

ಆಮೇಲೆ ನಾನು ಆಲ್-ಅನಾನ್ ಮೀಟಿಂಗ್‌ಗೆ ಹೋಗತೊಡಗಿದೆ. ಕುಡಿಯುವವರ ಮನೆಯವರಿಗೆ ಅಂತಲೇ ಇರುವುದು. ತಮ್ಮ, ನೀವು ಅಣ್ಣನನ್ನು ಮನೆಯಲ್ಲಿ ಇಟ್ಟುಕೊಳ್ಳಲು ಆಗದಿದ್ದರೆ ಅದು ಪಾಪ ಅಲ್ಲ. ಇಬ್ಬರು ಹೆಣ್ಣುಮಕ್ಕಳಿದ್ದಾರೆ. ವಾರಕ್ಕೊಮ್ಮೆ ಹೋಗಿ ಜೊತೆಗೆ ಕೂತು ಊಟ ಮಾಡಿ. ಅತ್ತಿಗೆಗೆ ಈಗಲೇ ಬನ್ನಿ ಅಂತ ಒತ್ತಾಯ ಮಾಡಬೇಡಿ.

ವಾರ್ಡ್ ಸಿಸ್ಟರ್

ಅಮ್ಮ ಹೇಳಿದ್ದು ಬಹಳ ಮುಖ್ಯ. ಆಸ್ಪತ್ರೆಗೆ ಹೋಗುವ ಮುಂಚೆ ಮಾತಾಡಬೇಕು ಅನಿಸಿದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416, ವ್ಯಸನ ಮುಕ್ತಿ ಸಹಾಯವಾಣಿ 14446. ಎರಡೂ ಉಚಿತ. ಬೇರೆ ಊರಿನವರು ಓದುತ್ತಿದ್ದರೆ ಜಿಲ್ಲಾಸ್ಪತ್ರೆಯ ಮನೋವೈದ್ಯ ವಿಭಾಗದಲ್ಲಿ ವಿಚಾರಿಸಿ.

ಅರಸೀಕೆರೆ ತಮ್ಮ

ಹನ್ನೊಂದು ದಿನದ ಮೇಲೆ ಬರೆಯುತ್ತಿದ್ದೇನೆ. ಎರಡು ಸಲ ಹೋದೆ, ಎರಡು ಸಲವೂ "ಬರಲ್ಲ ಹೋಗು" ಅಂದ. ಮೂರನೇ ಸಲ ಪ್ಲಾಟ್‌ಫಾರಂ ಅಣ್ಣ ನನ್ನ ಜೊತೆ ಬಂದರು. ಅವರು ಬುದ್ಧಿ ಹೇಳಲಿಲ್ಲ. ಪಕ್ಕದಲ್ಲಿ ರಟ್ಟು ಹಾಸಿಕೊಂಡು ಕೂತು, ಮೆಜೆಸ್ಟಿಕ್‌ನಲ್ಲಿ ಯಾವ ಮೂಲೆಯಲ್ಲಿ ಮಲಗುತ್ತಿದ್ದರು, ಯಾವ ಹೋಟೆಲಿನವರು ಮಿಕ್ಕ ಅನ್ನ ಕೊಡುತ್ತಿದ್ದರು ಅಂತ ಹೇಳುತ್ತಾ ಹೋದರು. ಒಂದು ಗಂಟೆ ಆದ ಮೇಲೆ ಅಣ್ಣನೇ ಕೇಳಿದ, "ಅಲ್ಲಿ ಸರಪಳಿ ಹಾಕಲ್ಲ ತಾನೇ?" ಅಂತ.

ಆವತ್ತೇ ಆಸ್ಪತ್ರೆಗೆ ಹೋದೆವು. ಜೊತೆಗೆ ಒಬ್ಬರು ಇರಬೇಕು ಅಂದರು, ನಾನು ರಜೆ ಹಾಕಿದೆ. ಮೂರನೇ ರಾತ್ರಿ ಬಹಳ ಕಷ್ಟ ಆಯಿತು. ಗೋಡೆ ವಾಲುತ್ತಿದೆ, ಕಂಬ ಕೊಡಿ ಅಂತ ಕೂಗುತ್ತಿದ್ದ. ಸಿಸ್ಟರ್, ನೀವು ಬರೆಯದೆ ಇದ್ದಿದ್ದರೆ ಆ ರಾತ್ರಿ ನನ್ನ ಮನೆಯಲ್ಲಿ ಆಗಿರುತ್ತಿತ್ತು.

ಹುಬ್ಬಳ್ಳಿ ಹುಡುಗಿ

ಈಗ ಹೇಗಿದ್ದಾರೆ?

ಅರಸೀಕೆರೆ ತಮ್ಮ

ಊಟ ಮಾಡುತ್ತಿದ್ದಾನೆ. ನಾಡಿದ್ದು ಡಿಸ್ಚಾರ್ಜ್. ನಾಲ್ಕು ಕೇಂದ್ರ ನೋಡಿದೆ, ರಾತ್ರಿಯೇ ಹೋಗಿ. ಒಂದರಲ್ಲಿ ಜಾಗ ಕೊಟ್ಟಿದ್ದಾರೆ, ಹಗಲೂ ಇರಬಹುದು. ಪೆಟ್ಟಿಗೆ ಇದೆ, ಬೀಗ ನಾವೇ ತರಬೇಕು. ಇವತ್ತು ತಂದೆ.

ಇವತ್ತು ಸಂಜೆ ಟೀ ಕೊಟ್ಟೆ, ಪೂರ್ತಿ ಗ್ಲಾಸ್. ಒಂದೇ ಕೈಯಲ್ಲಿ ಕುಡಿದ. ಆಮೇಲೆ ತನ್ನ ಹಳೇ ಕರಣೆ ನನ್ನ ಹತ್ತಿರ ಇದೆಯಾ ಅಂತ ಕೇಳಿದ. ಓನರ್ ಸಾಮಾನು ಹೊರಗಿಟ್ಟಾಗ ನಾನು ಎತ್ತಿಟ್ಟುಕೊಂಡಿದ್ದ ಒಂದೇ ವಸ್ತು ಅದು. ಅಟ್ಟದ ಮೇಲಿತ್ತು, ತುಕ್ಕು ಹಿಡಿದಿದೆ.

ಪ್ಲಾಟ್‌ಫಾರಂ 11

ತುಕ್ಕು ನೀವು ಉಜ್ಜಬೇಡಿ, ಹಾಗೇ ತಂದುಕೊಡಿ. ಮರಳು ಕಾಗದ ನಾನು ತರುತ್ತೇನೆ. ನಾಡಿದ್ದು ಮಧ್ಯಾಹ್ನದ ಕೆಲಸ ಮುಗಿಸಿ ಆಟೋ ಹಿಡಿದು ಬರುತ್ತೇನೆ, ಮೂವರೂ ಒಟ್ಟಿಗೆ ಹೋಗೋಣ. ಸಂಜೆ ಆರಕ್ಕೆ ಮೀಟಿಂಗ್ ಇದೆ.